ಪ್ಲೇಟ್‌ಲೆಟ್ ಕಡಿಮೆ ಆದರೆ ಡೆಂಗಿನೇ ಅಂತಲ್ಲ

ಮಳೆಗಾಲ ಬಂದರೆ ವಿಜಯಪುರ, ಬಾಗಲಕೋಟೆ ಕಡೆ "ಪ್ಲೇಟ್‌ಲೆಟ್ ಕಡಿಮಿ ಆಗ್ಯಾವ" ಅನ್ನೋ ಮಾತು ಮನೆಮನೆಯಲ್ಲಿ ಕೇಳುತ್ತದೆ. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣಗಳು. ಡೆಂಗಿ ಅಂದುಕೊಂಡು ಪಪ್ಪಾಯಿ ಎಲೆ ಹುಡುಕಲು ಓಡುತ್ತೇವೆ. ಆದರೆ ಜ್ವರವೇ ಇಲ್ಲ, ಊಟ, ಓಡಾಟ ಎಲ್ಲ ಸರಿಯಿದೆ, ಮೊಣಕಾಲ ಕೆಳಗೆ ಮಾತ್ರ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಬೆರಳಿಟ್ಟು ಒತ್ತಿದರೂ ಮಾಯವಾಗುತ್ತಿಲ್ಲ, ಹಲ್ಲುಜ್ಜಿದರೆ ವಸಡಲ್ಲಿ ರಕ್ತ. ಇದು ಐಟಿಪಿ (ಇಮ್ಯೂನ್ ಥ್ರಾಂಬೊಸೈಟೊಪೀನಿಯಾ) ಇರಬಹುದು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಪ್ಲೇಟ್‌ಲೆಟ್‌ಗಳನ್ನು ಹೊಡೆದುಹಾಕುವ ಕಾಯಿಲೆ.

ಇದೇನು ಹೊಸದಲ್ಲ. 1735ರಲ್ಲೇ ಜರ್ಮನಿಯ ವೈದ್ಯ ವೆರ್ಲ್‌ಹೋಫ್ ಇದರ ಲಕ್ಷಣ ಬರೆದಿಟ್ಟಿದ್ದರು. ಪ್ಲೇಟ್‌ಲೆಟ್ ಅನ್ನೋದೇ ಆಗ ಗೊತ್ತಿರಲಿಲ್ಲ. 1916ರಲ್ಲಿ ಪ್ರಾಗ್‌ನಲ್ಲಿ ಕಾಜ್ನೆಲ್ಸನ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರೊಫೆಸರನ್ನು ಒಪ್ಪಿಸಿ ರೋಗಿಯ ಗುಲ್ಮ (ಸ್ಪ್ಲೀನ್) ತೆಗೆಸಿದ. ಪ್ಲೇಟ್‌ಲೆಟ್ ಸರ್ರನೆ ಏರಿತು. ಅಂದರೆ ಅವು ಮುಖ್ಯವಾಗಿ ಗುಲ್ಮದಲ್ಲಿ ನಾಶ ಆಗುತ್ತಿದ್ದವು. ಆದರೆ ನಾಶ ಆಗೋದು ಯಾಕೆ?

ಉತ್ತರ ಸಿಕ್ಕಿದ್ದು 1950ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಯುವ ವೈದ್ಯ ಹ್ಯಾರಿಂಗ್ಟನ್ ಐಟಿಪಿ ರೋಗಿಯೊಬ್ಬರ ಅರ್ಧ ಲೀಟರ್ ರಕ್ತವನ್ನು ತಮಗೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ಕುಸಿಯಿತು, ಫಿಟ್ಸ್ ಕೂಡ ಬಂತು. ಪುಣ್ಯಕ್ಕೆ ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಪ್ಲೇಟ್‌ಲೆಟ್ ಕೊಲ್ಲುವ ಅಂಶ ರೋಗಿಯ ರಕ್ತದಲ್ಲೇ ಇದೆ ಅಂತ ಸಾಬೀತಾಯಿತು. ಇಂಥ ಧೈರ್ಯ ನನಗೆ ಊಹಿಸೋಕೂ ಆಗಲ್ಲ.

ನಮ್ಮಲ್ಲಿ ಇದನ್ನೇ ಜಾಸ್ತಿ ಜನ ಅರ್ಥ ಮಾಡಿಕೊಳ್ಳಬೇಕು. ಐಟಿಪಿಯಲ್ಲಿ ಹೊರಗಿಂದ ಹಾಕಿದ ಪ್ಲೇಟ್‌ಲೆಟ್ ಕೂಡ ಬೇಗನೇ ನಾಶವಾಗುತ್ತದೆ. ಅದಕ್ಕೇ ಜೀವಕ್ಕೆ ಅಪಾಯವಾಗುವಷ್ಟು ರಕ್ತ ಹೋಗುತ್ತಿದ್ದರೆ ಮಾತ್ರ ಹಾಕುತ್ತಾರೆ. ಸುಮ್ನೆ ನಂಬರ್ ಏರಿಸಲು ಅಂತ ರಾತ್ರಿಯೆಲ್ಲ ದಾನಿಗಳನ್ನು ಹುಡುಕಿ ಉಪಯೋಗವಿಲ್ಲ. ಮೊದಲು ಕೊಡೋದು ಸಾಮಾನ್ಯವಾಗಿ ಸ್ಟೀರಾಯ್ಡ್, ಅದು ಅಗ್ಗ. 1981ರಲ್ಲಿ ಸ್ವಿಟ್ಜರ್ಲೆಂಡಿನ ಇಂಬಾಖ್ ಮಕ್ಕಳಿಗೆ ಕೊಟ್ಟು ತೋರಿಸಿದ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ತುಂಬಾ ದುಬಾರಿ. 2008ರಿಂದ ಪ್ಲೇಟ್‌ಲೆಟ್ ತಯಾರಿ ಹೆಚ್ಚಿಸುವ ಔಷಧಿಗಳೂ ಬಂದಿವೆ.

ಮಕ್ಕಳಿಗೆ ನೆಗಡಿ, ವೈರಲ್ ಜ್ವರ ಆದಮೇಲೆ ಇದು ಬರೋದುಂಟು. ಹೆಚ್ಚಿನ ಮಕ್ಕಳಲ್ಲಿ ಆರು ತಿಂಗಳೊಳಗೆ ತಾನಾಗಿಯೇ ಸರಿಹೋಗುತ್ತದೆ. ಹಾಗಾಗಿ ಡಾಕ್ಟರು ಔಷಧಿ ಕೊಡದೆ "ನೋಡೋಣ" ಅಂದರೆ ನಿರ್ಲಕ್ಷ್ಯ ಅಂದುಕೊಳ್ಳಬೇಡಿ. ಅಷ್ಟರಲ್ಲಿ ಮೈಕೈ ನೋವಿಗೆ ಅಂತ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ಕೊಡಬೇಡಿ, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ತಲೆ ಸಿಡಿಯುವಂಥ ನೋವು, ಕಪ್ಪು ಮಲ, ನಿಲ್ಲದ ಮೂಗಿನ ರಕ್ತ ಕಂಡರೆ ನಡುರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಗೆ ಹೊರಡಿ.