ನೂಲಿನೊಳಗೆ ಹುಟ್ಟುವ ತುಕ್ಕು

ಹಳೆಯ ಪಂಚೆಯಿಂದ ಹರಿದ ಅಂಗೈ ಅಗಲದ ತುಂಡೊಂದನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿ, ತುಕ್ಕು ಹಿಡಿದ ವಾಷರ್ ಒಂದನ್ನು ಅದರೊಳಗಿಟ್ಟು ಮಡಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ಬಿಚ್ಚಿದಾಗ ಕಂಡದ್ದು ನಾನು ಎಣಿಸಿದ ಚಿತ್ರವಾಗಿರಲಿಲ್ಲ. ಲೋಹ ಬಿಗಿಯಾಗಿ ಒತ್ತಿಕೊಂಡಿದ್ದ ಜಾಗ ಮಾಸಲು ಹಳದಿಯಾಗಿತ್ತು. ಅದರ ಅಂಚಿನ ಸುತ್ತ ಇಟ್ಟಿಗೆ ಬಣ್ಣದ ದಟ್ಟ ಗೆರೆಯೊಂದು ಮೂಡಿತ್ತು. ಬಣ್ಣ ಮುದ್ರೆಯೊತ್ತಿದಂತೆ ಮೇಲಿನಿಂದ ಅಂಟಿದ್ದರೆ ಒತ್ತಿದ ಜಾಗವೇ ಹೆಚ್ಚು ಕೆಂಪಾಗಬೇಕಿತ್ತು.

ತುಕ್ಕಿನ ಬಣ್ಣಗಾರಿಕೆಯ ರಹಸ್ಯವೆಲ್ಲ ಆ ಗೆರೆಯಲ್ಲಿದೆ. ವಿನೆಗರಿನ ಅಸಿಟಿಕ್ ಆಮ್ಲ ಕಬ್ಬಿಣವನ್ನು ಕರಗಿಸಿದಾಗ ಹುಟ್ಟುವ ಫೆರಸ್ ಅಯಾನುಗಳಿಗೆ, ಅಂದರೆ ನೀರಿನಲ್ಲಿ ಕರಗಿದ ಕಬ್ಬಿಣದ ವಿದ್ಯುದಾವೇಶದ ಕಣಗಳಿಗೆ, ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಅವು ನೀರಿನೊಂದಿಗೆ ಹತ್ತಿಯ ಎಳೆಯೊಳಕ್ಕೆ ಸಲೀಸಾಗಿ ಇಳಿಯುತ್ತವೆ. ಗಾಳಿಯ ಆಮ್ಲಜನಕ ಸಿಕ್ಕಿದೊಡನೆ ಅವು ಇನ್ನೊಂದು ಇಲೆಕ್ಟ್ರಾನನ್ನು ಕಳೆದುಕೊಂಡು ಫೆರಿಕ್ ರೂಪ ತಾಳಿ, ನೀರಿನಲ್ಲಿ ಕರಗದ ಕೆಂಗಂದು ಪದಾರ್ಥವಾಗಿ ಅಲ್ಲಿಯೇ ಕುಳಿತುಬಿಡುತ್ತವೆ. ಕಬ್ಬಿಣದಂಶವಿರುವ ಕೊಳವೆಬಾವಿಯ ನೀರು ಕೊಡಕ್ಕೆ ಬೀಳುವಾಗ ತಿಳಿಯಾಗಿದ್ದು, ಸ್ವಲ್ಪ ಹೊತ್ತಿಗೆ ಕೆಂಪಗಾಗಿ ತಳದಲ್ಲಿ ಗಸಿ ನಿಲ್ಲುವುದನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಆ ಕೊಡದಲ್ಲಿ ನಡೆಯುವುದೇ ಇಲ್ಲಿ ನೂಲಿನೊಳಗೆ ನಡೆಯುತ್ತದೆ. ನೀರು ಕುಡಿದು ಉಬ್ಬದ ಪಾಲಿಯೆಸ್ಟರ್ ತುಂಡಿನಲ್ಲಿ ಅದೇ ವಾಷರಿನ ಗುರುತು ಮೊದಲ ಒಗೆತಕ್ಕೇ ಬಹುಪಾಲು ಹೋಯಿತು.

ಆದರೆ ಗೆರೆ ಅಂಚಿನಲ್ಲೇ ಏಕೆ? ತುಕ್ಕನ್ನು ಅಧ್ಯಯನ ಮಾಡಿದ ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಎವನ್ಸ್ ಉಕ್ಕಿನ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಟ್ಟು ಇದಕ್ಕೆ ಉತ್ತರ ತೋರಿಸಿದ್ದರು. ಹನಿಯ ನಡುವೆ ಆಮ್ಲಜನಕ ಕಡಿಮೆ, ಅಂಚಿನಲ್ಲಿ ಹೆಚ್ಚು. ಕಬ್ಬಿಣ ನಡುವೆ ಕರಗುತ್ತದೆ. ಅದು ಬಿಟ್ಟುಕೊಟ್ಟ ಇಲೆಕ್ಟ್ರಾನುಗಳು ಲೋಹದೊಳಗಿಂದಲೇ ಹರಿದು ಅಂಚು ತಲುಪಿ ಆಮ್ಲಜನಕವನ್ನು ಸೇರುತ್ತವೆ. ಕರಗಿದ ಕಬ್ಬಿಣ ನೀರಿನ ದಾರಿಯಲ್ಲಿ ಹೊರಟು, ಅಂಚಿನ ಸಮೀಪ ತುಕ್ಕಿನ ಉಂಗುರವಾಗಿ ನಿಲ್ಲುತ್ತದೆ. ಅಂದರೆ ಲೋಹ ಸವೆಯುವ ಜಾಗ ಒಂದು, ತುಕ್ಕು ಕೂರುವ ಜಾಗ ಇನ್ನೊಂದು. ಮಳೆಗೆ ಗುಡ್ಡದಿಂದ ಕೊಚ್ಚಿಹೋದ ಮಣ್ಣು ಕೆಳಗಿನ ಗದ್ದೆಯಲ್ಲಿ ಕೂರುವಂತೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಗದ್ದೆಗಳಲ್ಲಿ ಕಡಲಿನಿಂದ ಕಣ್ಣಿಗೆ ಕಾಣದೆ ಬಂದ ಉಪ್ಪು, ನೀರು ಆರಿದ ಕಡೆ ಬಿಳಿಯಾಗಿ ಪ್ರಕಟವಾಗುವಂತೆ. ನನ್ನ ಒದ್ದೆ ಬಟ್ಟೆಯೂ ಅಂಥದೇ ಒಂದು ಹರಡಿದ ಹನಿ. ಆದ್ದರಿಂದಲೇ ಪ್ಲಾಸ್ಟಿಕ್ ಹಾಳೆಯನ್ನು ಗಾಳಿಯಾಡದಂತೆ ಬಿಗಿದಾಗ ಬಣ್ಣ ಸಪ್ಪೆಯಾಗುತ್ತದೆ, ತುಸು ಸಡಿಲಬಿಟ್ಟರೆ ಗಾಢವಾಗುತ್ತದೆ.

ವಿನೆಗರ್ ಬಣ್ಣವನ್ನು ‘ಗಟ್ಟಿಮಾಡುತ್ತದೆ’ ಎಂಬ ನಂಬಿಕೆ ಬಹಳ ಕಡೆ ಇದೆ. ವಾಸ್ತವವಾಗಿ ಅದು ಕಬ್ಬಿಣವನ್ನು ಕರಗಿಸಿ ಓಡಾಡಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ನಿಲ್ಲಿಸಲು ಕೊನೆಯಲ್ಲಿ ಅಡುಗೆ ಸೋಡಾದ ನೀರಿನಲ್ಲಿ ಜಾಲಿಸಿ ಆಮ್ಲವನ್ನು ತೆಗೆಯಬೇಕು. ಹಾಗೆಯೇ ತುಕ್ಕಿನ ಕಲೆಗೆ ಬ್ಲೀಚಿಂಗ್ ಪುಡಿ ಹಾಕುವುದೂ ವ್ಯರ್ಥ. ಅದು ಉಳಿದಿದ್ದ ಫೆರಸ್ ಅನ್ನೂ ಫೆರಿಕ್ ಮಾಡಿ ಕಲೆಯನ್ನು ಇನ್ನಷ್ಟು ಬಲಪಡಿಸುತ್ತದೆ. ಆದರೆ ನಿಂಬೆಹಣ್ಣಿನ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದು ಹೊರಗೆಳೆಯಬಲ್ಲದು. ಇನ್ನು, ತುಕ್ಕು ಮುಟ್ಟಿದರೆ ಧನುರ್ವಾಯು ಬರುತ್ತದೆಂದು ಹೆದರುವವರಿಗೆ ಒಂದು ಮಾತು: ಆ ರೋಗ ತರುವ ಬ್ಯಾಕ್ಟೀರಿಯವನ್ನು ಜಪಾನಿನ ವಿಜ್ಞಾನಿ ಕಿಟಾಸಾಟೊ ಶಿಬಾಸಾಬುರೊ 1889ರಲ್ಲೇ ಬೇರ್ಪಡಿಸಿ ಬೆಳೆಸಿದ್ದರು, ಮತ್ತು ಅದರ ಬೀಜಾಣುಗಳ ಮನೆ ಮಣ್ಣು ಹಾಗೂ ಸಗಣಿ. ಹೊಳೆಯುವ ಹೊಸ ಮೊಳೆಯಾದರೂ ಮಣ್ಣು ಮೆತ್ತಿಕೊಂಡು ಆಳವಾಗಿ ಚುಚ್ಚಿದರೆ ಅಪಾಯವೇ. ಹಾಗಾಗಿ ಕೈಗವಸು ತೊಡಿ, ಚುಚ್ಚುಮದ್ದನ್ನೂ ಮರೆಯಬೇಡಿ.

ಇದೇ ಕಬ್ಬಿಣಕ್ಕೆ ಒಗರು ಸೇರಿದರೆ ಕೆಂಪು ಹೋಗಿ ಕಪ್ಪು ಬರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಬೆಂದ ನೆಲ್ಲಿಕಾಯಿ ಕಪ್ಪಾಗುವುದು ಒಗರಿನ ಟ್ಯಾನಿನ್ ಕಬ್ಬಿಣದೊಡನೆ ಕೂಡುವುದರಿಂದ. ಬಟ್ಟೆಯ ಮೇಲೆ ಲೇಖನಿಯಿಂದ ಚಿತ್ರ ಬರೆಯುವ ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸಿ ಒಣಗಿಸುತ್ತಾರೆ. ಬಳಿಕ ಬೆಲ್ಲದ ನೀರಿನಲ್ಲಿ ತುಕ್ಕುಗಬ್ಬಿಣವನ್ನು ದಿನಗಟ್ಟಲೆ ಹುಳಿಸಿ ತೆಗೆದ ದ್ರವದಿಂದ ಗೆರೆ ಎಳೆಯುತ್ತಾರೆ. ಹುಳಿತ ಬೆಲ್ಲದಲ್ಲಿ ಹುಟ್ಟುವ ಆಮ್ಲಗಳೇ ಅಲ್ಲಿ ವಿನೆಗರಿನ ಕೆಲಸ ಮಾಡುತ್ತವೆ, ಹಾಲಿನ ಜಿಡ್ಡು ಗೆರೆ ಹರಡದಂತೆ ತಡೆಯುತ್ತದೆ. ನಾನು ಅಡಿಕೆ ಚೊಗರು (ಅಡಿಕೆ ಬೇಯಿಸಿ ಉಳಿದ ಒಗರು ರಸ) ಸವರಿದ ತುಂಡಿನ ಮೇಲೆ ಅದೇ ವಾಷರ್ ಇಟ್ಟಾಗ, ಗಂಟೆ ಕಳೆಯುವುದರೊಳಗೆ ಬೂದುಗಪ್ಪು ಉಂಗುರ ಕಾಣತೊಡಗಿತು.

ಇಷ್ಟು ಚೆಂದದ ಬಣ್ಣವನ್ನು ಹೊಸ ಸೀರೆಗೆ ಹಾಕದೆ ಚಿಂದಿಯಲ್ಲೇ ಪ್ರಯೋಗಿಸಲು ಕಾರಣವಿದೆ. ಕಬ್ಬಿಣದ ಅಯಾನುಗಳು ಉತ್ಕರ್ಷಣೆಯನ್ನು, ಅಂದರೆ ಪದಾರ್ಥ ಇಲೆಕ್ಟ್ರಾನು ಕಳೆದುಕೊಳ್ಳುವ ಕ್ರಿಯೆಯನ್ನು, ಚುರುಕುಗೊಳಿಸುತ್ತವೆಂಬುದನ್ನು ರಸಾಯನವಿಜ್ಞಾನಿ ಎಚ್. ಜೆ. ಎಚ್. ಫೆಂಟನ್ 1894ರಲ್ಲಿ ಪ್ರಕಟಿಸಿದ್ದರು. ಬಟ್ಟೆಯಲ್ಲಿ ಕುಳಿತ ಕಬ್ಬಿಣವೂ ಹತ್ತಿ ನೂಲಿನ ಮೂಲ ಪದಾರ್ಥವಾದ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳು ತುಂಡಾಗಲು ಕಾರಣವಾಗುತ್ತದೆ. ಹಳೆಯ ಚಿತ್ರವಸ್ತ್ರಗಳಲ್ಲಿ ಕೆಂಪು ಹೂವಿನ ದಳ ಉಳಿದು, ಅದರ ಕಪ್ಪು ಹೊರಗೆರೆಯಷ್ಟೇ ಉದುರಿಹೋಗಿರುವುದು ಇದರಿಂದಲೇ. ವರ್ಷದ ಹಿಂದೆ ಕಿಟಕಿಯ ಬಿಸಿಲಿಗೆ ಕಟ್ಟಿದ್ದ ನನ್ನ ಚೊಗರಿನ ತುಂಡನ್ನು ಮೊನ್ನೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಬಿಳಿ ಭಾಗ ಜಗ್ಗಲಿಲ್ಲ. ವಾಷರಿನ ಕಪ್ಪು ಉಂಗುರದ ಗುಂಟ ಬಟ್ಟೆ ಸದ್ದಿಲ್ಲದೆ ಬಿಟ್ಟುಕೊಂಡಿತು, ಬೆರಳಿಗೆ ಕರಿಯ ಪುಡಿ ಹತ್ತಿತು.