ಎರಡು ಇಂಚು ನೀರು ಒಂದು ಇಂಚಾದಾಗ

'ಪಾಚಿ ಹಾಕಿ ಹದಿನೈದು ದಿನ ಆತ್ರಿ ಸರ್, ಏನೂ ಕಾಣವಲ್ದು.' ಬೇಸಿಗೆ ನೆಲ್ಲಿನ ಹೊತ್ತಿಗೆ ಕಾರಟಗಿ, ಸಿಂಧನೂರು ಕಡೆಯಿಂದ ನನಗೆ ಇಂಥ ಫೋನ್ ಬರುತ್ತಿರುತ್ತವೆ. ಭತ್ತಕ್ಕೆ ಸಾರಜನಕ ಸಿಗಲೆಂದು ಗದ್ದೆಗೆ ಹಾಕುವ ನೀಲಿ-ಹಸಿರು ಪಾಚಿ ಇದು. ಅದರ ಪಾಕೆಟ್ ಎಲ್ಲಿ ತಂದಿರಿ ಅಂತ ನಾನು ಮೊದಲು ಕೇಳುವುದಿಲ್ಲ. ಗದ್ದೆಯಲ್ಲಿ ನೀರು ಎಷ್ಟು ನಿಂತಿದೆ, ಮಧ್ಯಾಹ್ನ ಕೈ ಅದ್ದಿದರೆ ಎಷ್ಟು ಬಿಸಿ ಇದೆ ಅಂತ ಕೇಳುತ್ತೇನೆ.

ನೀಲಿ-ಹಸಿರು ಪಾಚಿ ಅಂತ ಕರೆದರೂ ಅದು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಅನಬೀನಾ, ನಾಸ್ಟಾಕ್‌ನಂಥವು ಗಾಳಿಯ ಸಾರಜನಕ ಹಿಡಿದು ಬೆಳೆಗೆ ಒದಗಿಸುತ್ತವೆ. ಭತ್ತದ ಗದ್ದೆಯಲ್ಲಿ ಈ ಕೆಲಸ ನಡೆಯುತ್ತದೆಂದು ವಿಜ್ಞಾನಿ ಪಿ.ಕೆ. ದೇ 1939ರಲ್ಲೇ ತೋರಿಸಿದ್ದರು. ಆದರೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ, ಉಪ್ಪೇರಿ ನೀರು ನಿಲ್ಲುವ ಸವಳು-ಜವಳು ಹೊಲಗಳಲ್ಲಿ ಅದಕ್ಕೆ ಇನ್ನೊಂದು ಹೊರೆ ಇದೆ, ಉಪ್ಪಿನದು.

ನೀರಿನಲ್ಲಿ ಉಪ್ಪು ಜಾಸ್ತಿಯಾದರೆ ಜೀವಕೋಶದೊಳಗಿನ ನೀರು ಹೊರಗೆ ಹೋಗುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ. ತಾಳಿಕೆ ಇರುವ ತಳಿ ಆ ಸೋಡಿಯಂ ಅನ್ನು ಹೊರಗೆ ತಳ್ಳುತ್ತಲೇ ಇರಬೇಕು. ಒಳಗೆ ನೀರು ಹಿಡಿದಿಡಲು ಏನಾದರೂ ಕೂಡಿಡಬೇಕು. ಸ್ವಲ್ಪ ಉಪ್ಪು ತಾಳುವವು ಸುಕ್ರೋಸ್, ಟ್ರೆಹಲೋಸ್ ಎಂಬ ಸಕ್ಕರೆ ಮಾಡಿಕೊಳ್ಳುತ್ತವೆ. ಇನ್ನೂ ಗಟ್ಟಿಯವು ಗ್ಲುಕೋಸಿಲ್‌ಗ್ಲಿಸರಾಲ್, ತೀರಾ ಉಪ್ಪುನೀರಿನಲ್ಲೇ ಬದುಕುವವು ಗ್ಲೈಸಿನ್ ಬೀಟೈನ್ ಎಂಬ ವಸ್ತು ಕೂಡಿಡುತ್ತವೆ. ಇದಕ್ಕೆಲ್ಲ ಶಕ್ತಿ ಖರ್ಚು. ಸಾರಜನಕ ಹಿಡಿಯುವುದೂ ದುಬಾರಿ ಕೆಲಸವೇ, ಒಂದು ಸಾರಜನಕದ ಅಣುವಿಗೆ ಕನಿಷ್ಠ 16 ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ಚಿಲ್ಲರೆ. ಕೈ ಬಿಗಿಯಾದಾಗ ಆ ಖರ್ಚಿಗೆ ಪೆಟ್ಟು ಬೀಳುತ್ತದೆ. ಹಾಗಾಗಿ ಹೊಲ ಹಸಿರಾಗಿದೆ ಅಂದಮಾತ್ರಕ್ಕೆ ಸಾರಜನಕ ಸಿಗುತ್ತಿದೆ ಅಂತ ನಾನು ನಂಬುವುದಿಲ್ಲ.

ಇಲ್ಲಿಗೆ ಬಿಸಿಯ ಲೆಕ್ಕವೂ ಸೇರುತ್ತದೆ. ಗದ್ದೆಯ ಹೆಚ್ಚಿನ ತಳಿಗಳಿಗೆ 25ರಿಂದ 35 ಡಿಗ್ರಿ ಹಿತ. ಆ ಹದದಲ್ಲಿ ಉಪ್ಪು ಹೊರಹಾಕುವ ಕೆಲಸ ಚೆನ್ನಾಗಿ ನಡೆಯುತ್ತದೆ. ಚಳಿಯಲ್ಲಿ ಅದು ನಿಧಾನವಾಗುತ್ತದೆ. ಬಿಸಿ ಮಿತಿಮೀರಿದರೆ ಉಸಿರಾಟವೇ ಗಳಿಸಿದ್ದನ್ನು ತಿಂದುಹಾಕುತ್ತದೆ. ಅಂದರೆ 30 ಡಿಗ್ರಿಯಲ್ಲಿ ತಾಳಿದ ಉಪ್ಪನ್ನೇ ಅದೇ ತಳಿ 42ರಲ್ಲಿ ತಾಳದೆ ಹೋಗಬಹುದು. 'ಈ ತಳಿ ಇಷ್ಟು ಉಪ್ಪು ತಡೆಯುತ್ತೆ' ಅಂತ ಯಾರಾದರೂ ಹೇಳಿದರೆ, ಎಷ್ಟು ಡಿಗ್ರಿಯಲ್ಲಿ ಅಂತ ತಪ್ಪದೆ ಕೇಳಿ.

ನಮ್ಮಲ್ಲಿ ಉಪ್ಪು, ಬಿಸಿ ಎರಡೂ ಒಟ್ಟಿಗೇ ಏರುತ್ತವೆ, ತೊಂದರೆ ಅದೇ. ಎರಡು ಇಂಚು ನಿಂತ ನೀರಿನ ಇಸಿ (ವಿದ್ಯುತ್ ವಾಹಕತೆ, ಉಪ್ಪಿನ ಅಳತೆ) 3 ಇದೆ ಅಂತಿಟ್ಟುಕೊಳ್ಳಿ. ಎರಿ ಮಣ್ಣಿನಲ್ಲಿ ನೀರು ಕೆಳಗೆ ಇಳಿಯುವುದು ಕಮ್ಮಿ, ಆರಿಹೋಗುವುದೇ ಜಾಸ್ತಿ. ಒಂದು ಇಂಚಿಗೆ ಬಂದಾಗ ಇಸಿ ಸುಮಾರು 6. ತೆಳು ನೀರು ಕಾಯುವುದೂ ಬೇಗ, ಅಲ್ವಾ? ಬೆಳಗ್ಗೆ ಮಾತ್ರ ಅಳೆದರೆ ಇದು ಗೊತ್ತೇ ಆಗುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅಳೆಯಿರಿ.

ಮೊದಲು ಹೊಲಕ್ಕೆ ನೀರು ಕಟ್ಟಿ, ಬಸಿಗಾಲುವೆಗೆ ಬಿಟ್ಟು ಉಪ್ಪು ತೊಳೆಯಬೇಕು. ಪಾಚಿ ಉಪ್ಪು ತೆಗೆಯುತ್ತದೆ ಅಂತ ಕಾಯಬೇಡಿ. ನಾಟಿಯಾದ ಒಂದು ವಾರಕ್ಕೆ ಎಕರೆಗೆ 4 ಕೆಜಿ ಒಣಪಾಚಿ ಎರಚಿ. ಆಮೇಲೆ ನೀರು ತೆಳುವಾಗದಂತೆ ನೋಡಿಕೊಳ್ಳಿ.

ಸಾಧ್ಯವಾದರೆ ಪಾಚಿಯನ್ನು ನಿಮ್ಮ ಹೊಲದಿಂದಲೇ ತನ್ನಿ. ಬದುವಿನ ಪಕ್ಕ ಬಿಳಿ ಉಪ್ಪು ಕಟ್ಟಿದಲ್ಲೂ ಹಸಿರು ಪದರ ಉಳಿದಿರುತ್ತದೆ. ಅದು ಆ ಉಪ್ಪು, ಆ ಬಿಸಿಲು ಎರಡನ್ನೂ ಕಂಡಿದೆ. ಅದರಲ್ಲಿ ಸಾರಜನಕ ಹಿಡಿಯುವ ತಳಿ ಇದೆಯೋ ಇಲ್ಲವೋ ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಆಮೇಲೆ ತೊಟ್ಟಿಯಲ್ಲಿ ಬೆಳೆಸಿ.