ಸ್ಟೋಕ್‌ಸೇ ಮ್ಯಾನರ್ ಯಾರದ್ದು?

ಇಂಗ್ಲೆಂಡಿನ ಹಳೇ ಜಮೀನಿನ ಕಾಗದ ಓದುವುದು ನನ್ನ ಕಸುಬು. ಬಂದವರು ಮೊದಲು ಕೇಳುವುದು ಒಂದೇ, ‘ಈ ಮ್ಯಾನರ್‌ಗೆ ಯಾರ್ಯಾರು ಓನರ್ ಆಗಿದ್ದರು?’ ಅಂತ. ಈ ಪ್ರಶ್ನೆಯಲ್ಲೇ ಎರಡು ಎಡವಟ್ಟು ಇವೆ.

ಮೊದಲನೆಯದು, ಮ್ಯಾನರ್ ಅಂದರೆ ದೊಡ್ಡ ಬಂಗಲೆ ಅಲ್ಲ. ಹೊಲ, ಹುಲ್ಲುಗಾವಲು, ಗಿರಣಿ, ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯಬೇಕಾದ ರೈತರು, ಅವರ ಜಗಳ ತೀರ್ಮಾನಿಸುವ ಕೋರ್ಟು, ಅಲ್ಲಿ ಬೀಳುವ ದಂಡದ ದುಡ್ಡು, ಇವೆಲ್ಲ ಸೇರಿದ ಗಂಟು ಅದು. ಎರಡನೆಯದು ಓನರ್ ಅನ್ನುವ ಮಾತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ನೆಲವೆಲ್ಲ ರಾಜನದು. ಅವನ ಕೈಯಿಂದ ದೊಡ್ಡ ಸರದಾರರು, ಅವರಿಂದ ಚಿಕ್ಕವರು, ಹೀಗೆ ಒಬ್ಬರ ಕೆಳಗೆ ಒಬ್ಬರು ನೆಲ ‘ಹಿಡಿದಿದ್ದರು’ ಅಷ್ಟೇ. ಹಾಗಾಗಿ ‘ಯಾರದ್ದು’ ಅನ್ನುವುದಕ್ಕಿಂತ ‘ಯಾರ ಕೈಕೆಳಗೆ ಯಾರು ಹಿಡಿದಿದ್ದರು, ಅದು ಕೈ ಬದಲಾಗಿದ್ದು ಹೇಗೆ’ ಅಂತ ಕೇಳಬೇಕು.

ಇಂಗ್ಲೆಂಡಿನ ಶ್ರಾಪ್‌ಶೈರ್ ಜಿಲ್ಲೆಯ ಸ್ಟೋಕ್‌ಸೇ ತಗೊಳ್ಳಿ. ಮೊದಲು ಬರೀ ಸ್ಟೋಕ್. ಲೇಸಿ ಮನೆತನದ ದೊಡ್ಡ ಜಹಗೀರಿನಲ್ಲಿ ಅದೂ ಒಂದು ತುಂಡು. ಸುಮಾರು 1115ರಲ್ಲಿ ಅವರು ಅದನ್ನು ಥಿಯೊಡೋರಿಕ್ ಡಿ ಸೇ ಎಂಬಾತನಿಗೆ ಕೊಟ್ಟರು. ಕೊಟ್ಟರು ಅಂದರೆ ಬಿಟ್ಟುಕೊಟ್ಟರು ಅಂತಲ್ಲ, ಸೇ ಮನೆಯವರು ಅವರ ಕೈಕೆಳಗೆ ಹಿಡಿದರು. ಕೆಳಗಿನವರ ಹೆಸರೇ ಊರಿಗೆ ಅಂಟಿಕೊಂಡಿತು ನೋಡಿ. ಹೆಸರು ನೋಡಿ ಒಡೆಯ ಇವನೇ ಅಂತ ಬರೆದುಬಿಡುವವರು ಎಡವುವುದು ಇಲ್ಲೇ.

1241ರಲ್ಲಿ ಹ್ಯೂ ಡಿ ಸೇ ಇದನ್ನು ಜಾನ್ ಡಿ ವರ್ಡನ್‌ಗೆ ಬಿಟ್ಟುಕೊಟ್ಟ. ಮುಂದಿನದು ನನಗೆ ಜಾಸ್ತಿ ಇಷ್ಟವಾದ ಭಾಗ. 1270ರಲ್ಲಿ ಜಾನ್ ಕ್ರುಸೇಡ್ ಎಂಬ ಕ್ರೈಸ್ತರ ಧರ್ಮಯುದ್ಧಕ್ಕೆ ಹೊರಟಾಗ ಜಮೀನನ್ನು ಫಿಲಿಪ್ ಡಿ ವಿಚ್‌ಕೋಟ್ ಎಂಬಾತನಿಗೆ ಒತ್ತೆ ಇಟ್ಟು ಹೋದ, ನಾಲ್ಕು ವರ್ಷಕ್ಕೆ ತೀರಿಕೊಂಡ, ಅವನ ಹಕ್ಕು ಮಗ ಥಿಯೊಬಾಲ್ಡ್‌ಗೆ ಬಂತು. ಈಗ ಒಂದೇ ಜಮೀನಿನ ಮೇಲೆ ಎರಡು ಹಕ್ಕು. 1281ರಲ್ಲಿ ಲಡ್ಲೋ ಊರಿನ ಲಾರೆನ್ಸ್ ಎಂಬ ಉಣ್ಣೆ ವ್ಯಾಪಾರಿ ಇದನ್ನು ಸುಮಾರು 266 ಪೌಂಡಿಗೆ ಕೊಂಡ. ಇಂಥ ಕಡೆ ಒಂದು ಹಕ್ಕು ತೀರಿಸಿ ಇನ್ನೊಂದನ್ನು ಮರೆತರೆ ಮೊಮ್ಮಕ್ಕಳ ಕಾಲದಲ್ಲೂ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಸರದಾರನಲ್ಲದ ವ್ಯಾಪಾರಿ ಬರೀ ದುಡ್ಡು ಕೊಟ್ಟು ಮ್ಯಾನರ್ ಹಿಡಿಯುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. 1291ರಲ್ಲಿ ತಾನು ಅಲ್ಲಿ ಕಟ್ಟಿಸಿದ ಮನೆಗೆ ಕೋಟೆಯ ಗೋಡೆ ಕಟ್ಟಲು ರಾಜನ ಪರವಾನಗಿಯನ್ನೂ ಪಡೆದ. ಮೂರೇ ವರ್ಷಕ್ಕೆ, 1294ರಲ್ಲಿ, ಸಮುದ್ರದಲ್ಲಿ ಹಡಗು ಮುಳುಗಿ ಸತ್ತ. ರಾಜ ಉಣ್ಣೆಗೆ ಭಾರೀ ಸುಂಕ ಹಾಕಲು ವ್ಯಾಪಾರಿಗಳನ್ನು ಒಪ್ಪಿಸಿದವನು ಇವನೇ. ಸುಂಕದ ಭಾರ ಕೊನೆಗೆ ಬಿದ್ದದ್ದು ಕುರಿ ಸಾಕುವವರ ತಲೆಗೆ, ಅಲ್ವಾ? ಉಣ್ಣೆ ಬೆಳೆದವರಿಗೆ ಮಾಡಿದ ಪಾಪಕ್ಕೆ ಉಣ್ಣೆಯ ಹಡಗಿನಲ್ಲೇ ಮುಳುಗಿದ ಅಂತ ಡನ್‌ಸ್ಟಬಲ್ ಮಠದ ಸನ್ಯಾಸಿಗಳು ಬರೆದಿಟ್ಟರು. ಅವರೂ ಉಣ್ಣೆ ಮಾರುತ್ತಿದ್ದವರು ಅನ್ನುವುದನ್ನು ಮರೆಯಬೇಡಿ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. 1290ರಲ್ಲಿ ಎಡ್ವರ್ಡ್ ಒಂದನೆಯವನು ‘ಕ್ವಿಯಾ ಎಂಪ್ಟೋರೆಸ್’ ಎಂಬ ಕಾನೂನು ತಂದ. ಅದಕ್ಕೂ ಮೊದಲು ಜಮೀನು ಮಾರಿದವನು ಕೊಂಡವನ ಮೇಲೆ ಧಣಿಯಾಗಿ ಉಳಿಯಬಹುದಿತ್ತು, ಹಾಗಾಗಿ ಪ್ರತಿ ಮಾರಾಟಕ್ಕೂ ಮೆಟ್ಟಿಲು ಹೆಚ್ಚುತ್ತಿತ್ತು. ಆಮೇಲೆ ಕೊಂಡವನು ಮಾರಿದವನ ಜಾಗದಲ್ಲೇ ಬಂದು ನಿಲ್ಲಬೇಕು. ಕೈಯಲ್ಲಿರುವ ಪತ್ರ ಈ ವರ್ಷದ ಹಿಂದಿನದೋ ಮುಂದಿನದೋ ಅಂತ ನಾನು ಮೊದಲು ನೋಡುವುದು ಅದಕ್ಕೇ.

ಲಾರೆನ್ಸ್‌ನ ವಂಶದವರು ಸುಮಾರು ಇನ್ನೂರು ವರ್ಷ ಹಿಡಿದರು. 1498ರಲ್ಲಿ ಆ ಮನೆಯ ಹೆಣ್ಣು ಆನ್‌ಳನ್ನು ಮದುವೆಯಾಗಿದ್ದ ಥಾಮಸ್ ವರ್ನನ್ ಕೈಗೆ ಬಂತು. ಅವನ ಮೊಮ್ಮಗ ಹೆನ್ರಿ ಪೋವಿಸ್‌ನ ಬ್ಯಾರನ್ ಎಂಬ ಸರದಾರ ಪಟ್ಟ ನನಗೇ ಸೇರಬೇಕು ಅಂತ ಹಟ ಹಿಡಿದ. ಪಟ್ಟ ಸಿಗಲಿಲ್ಲ, ಮೈತುಂಬ ಸಾಲವಾಯಿತು. 1598ರಲ್ಲಿ 6,000 ಪೌಂಡಿಗೆ ಮಾರಿದ. 1620ರಲ್ಲಿ ಎಲಿಜಬೆತ್ ಕ್ರೇವನ್ ಮತ್ತು ಅವಳ ಮಗ ವಿಲಿಯಂ ಕೊಂಡಾಗ ಬೆಲೆ 13,500 ಪೌಂಡು.

ಕ್ರೇವನ್ ಮನೆತನದವರು ಎರಡೂವರೆ ಶತಮಾನ ಒಡೆಯರಾಗಿದ್ದರು, ಆದರೆ ಅವರಿಗೆ ಬೇಕಾಗಿದ್ದು ಜಮೀನಿನ ಗೇಣಿ. ಮನೆಯನ್ನು ಬಾಡಿಗೆಗೆ ಕೊಟ್ಟರು. ಬರುಬರುತ್ತಾ ಅದು ಕಣಜವಾಯಿತು, ಪೀಪಾಯಿ ಮಾಡುವವರ ಕೊಟ್ಟಿಗೆಯಾಯಿತು. ಇದ್ದಿದ್ದನ್ನು ಕೆಡವಿ ಹೊಸದಾಗಿ ಕಟ್ಟುವ ಉಸಾಬರಿ ಯಾರಿಗೂ ಬೇಕಿರಲಿಲ್ಲ, ಅದರಿಂದಲೇ ಲಾರೆನ್ಸ್‌ನ ಮನೆ ಉಳಿಯಿತು. 1869ರಲ್ಲಿ ಕೈಗವಸಿನ ವ್ಯಾಪಾರಿ ಜಾನ್ ಡರ್ಬಿ ಆಲ್‌ಕ್ರಾಫ್ಟ್ 5,200 ಎಕರೆಯ ಇಡೀ ಎಸ್ಟೇಟನ್ನು 2,15,000 ಪೌಂಡಿಗೆ ಕೊಂಡು ಮನೆ ರಿಪೇರಿ ಮಾಡಿಸಿದ. 1992ರಲ್ಲಿ ಆ ಮನೆ ಉಯಿಲಿನ ಮೂಲಕ, ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗೆ ಬಂತು. ಟಿಕೆಟ್ ತಗೊಂಡು ಒಳಗೆ ಹೋಗಿ ನಡುಮನೆಯಲ್ಲಿ ನಿಂತು ತಲೆ ಎತ್ತಿದರೆ, ಏಳು ಶತಮಾನದ ಹಿಂದಿನ ಮರದ ತೊಲೆಗಳು ಕಾಣುತ್ತವೆ.